ಹರಾಜಿನ ಸುದ್ದಿ ಬಾಗಿಲಿಗೇ ಅಂಟಿರುತ್ತದೆ, ಓದುವವರಿಲ್ಲ

ದಾವಣಗೆರೆಯಿರಲಿ, ಹರಿಹರವಿರಲಿ, ಚನ್ನಗಿರಿಯಿರಲಿ, ಪೇಟೆಬೀದಿಯ ಟೀ ಅಂಗಡಿ ಮುಂದೆ ನಾಲ್ಕು ಜನ ವ್ಯಾಪಾರಸ್ಥರು ಸೇರಿದರೆ ಒಂದು ಮಾತು ಬಂದೇ ಬರುತ್ತದೆ. 'ಬ್ಯಾಂಕಿನವರು ಹರಾಜು ಹಾಕಿದ ಮನೆಯಂತೆ, ಅರ್ಧ ರೇಟಿಗೆ ಹೋಯ್ತಂತೆ, ನಮಗೆ ಗೊತ್ತೇ ಆಗ್ಲಿಲ್ಲ ನೋಡ್ರಿ!' ಹೇಳುವವನ ಮುಖದಲ್ಲಿ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಸಂಕಟ. ಕೇಳುವವನ ತಲೆಯಲ್ಲಿ ಮುಂದಿನ ಸಲ ಬಿಡಬಾರದು ಎಂಬ ಲೆಕ್ಕಾಚಾರ.

ಈ ಲೆಕ್ಕಾಚಾರದ ಮೇಲೆಯೇ ಒಂದು ದಂಧೆ ನಿಂತಿದೆ. 'ಹರಾಜಿಗೆ ಬರೋ ಆಸ್ತಿಗಳ ಪಟ್ಟಿ ನಮ್ಮ ಹತ್ರ ಮೊದಲೇ ಬರುತ್ತೆ, ಬ್ಯಾಂಕಿನೊಳಗೆ ನಮ್ಮವರಿದ್ದಾರೆ' ಎಂದು ಹೇಳಿ ಫೀಸು ಎತ್ತುವ ಮಧ್ಯವರ್ತಿಗಳು ಹುಟ್ಟಿಕೊಂಡಿದ್ದಾರೆ. ಇವರಿಗೆ ಗಿರಾಕಿಗಳೂ ಸಿಗುತ್ತಾರೆ. ಚೀಟಿ ಎತ್ತಿದ ದುಡ್ಡು ಕೈಯಲ್ಲಿರುವ ಕಿರಾಣಿ ಅಂಗಡಿಯವನು, ನಿವೃತ್ತಿಯ ಗಂಟನ್ನು ಎಲ್ಲಿ ಹಾಕೋದು ಅಂತ ಯೋಚಿಸುವ ಮೇಷ್ಟ್ರು, ಬೆಂಗಳೂರಿನಲ್ಲಿ ದುಡಿದು ಊರಲ್ಲೊಂದು ಜಾಗ ಮಾಡಬೇಕೆನ್ನುವ ಹುಡುಗ. ಇವರಿಗೆಲ್ಲಾ ಜಾಗದ ವ್ಯವಹಾರ ಹೊಸದು. ಮೊದಲು ಸುದ್ದಿ ತಿಳಿದವನೇ ಗೆದ್ದ ಎಂಬ ನಂಬಿಕೆ ಮಾತ್ರ ಹಳೆಯದು.

ಅಸಲಿಗೆ ಇದರಲ್ಲಿ ಗುಟ್ಟು ಎಂಬುದೇ ಇಲ್ಲ. ಯಾವ ಮನೆ, ಯಾವ ಅಂಗಡಿ, ಯಾವ ಗೋದಾಮು ಹರಾಜಿನ ದಾರಿ ಹಿಡಿದಿದೆ ಎಂಬುದನ್ನು ಡಂಗುರ ಸಾರಿ ಹೇಳಲೇಬೇಕೆಂದು ಕಾನೂನೇ ಬ್ಯಾಂಕಿನ ಕೊರಳಿಗೆ ಕಟ್ಟಿದೆ. ಆ ಡಂಗುರ ಹೊಡೆಯುವುದು ಮನೆಯ ಬಾಗಿಲ ಮೇಲೆ ಮತ್ತು ಕನ್ನಡ ಪತ್ರಿಕೆಯ ಒಳಪುಟದ ಸಣ್ಣಕ್ಷರದಲ್ಲಿ. ಕಡಲೆಕಾಯಿ ಕಟ್ಟಿಕೊಡುವ ಕಾಗದದಲ್ಲಿ ಮುದ್ರಿತವಾದದ್ದನ್ನೇ ಇನ್ನೊಬ್ಬ ಪಟ್ಟಿ ಮಾಡಿ ಮಾರುತ್ತಿದ್ದಾನೆ ಅಷ್ಟೆ.

ಕೋರ್ಟಿಲ್ಲದ ಜಪ್ತಿ

ಒಂದು ಕಾಲದಲ್ಲಿ ಸಾಲ ತೀರದಿದ್ದರೆ ಬ್ಯಾಂಕು ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಬೇಕಿತ್ತು. ದಾವೆ, ವಾಯಿದೆ, ಡಿಕ್ರಿ, ಅಮಲ್ಜಾರಿ ಎಂದು ವರ್ಷಗಳು ಉರುಳುತ್ತಿದ್ದವು. 1993ರ ಕಾಯ್ದೆಯಿಂದ ದೊಡ್ಡ ಸಾಲಗಳಿಗೆಂದೇ ಸಾಲ ವಸೂಲಾತಿ ನ್ಯಾಯಮಂಡಳಿಗಳು ಬಂದವು. ಅಲ್ಲೂ ಕಡತಗಳ ರಾಶಿ ಬೆಳೆಯಿತು. 2002ರಲ್ಲಿ ಕೇಂದ್ರ ಸರ್ಕಾರ ಹೊಸ ಕಾಯ್ದೆ ತಂದಿತು. ಉದ್ದನೆಯ ಹೆಸರು ಯಾರ ಬಾಯಿಗೂ ನಿಲ್ಲದ್ದರಿಂದ ವಕೀಲರೂ ಮ್ಯಾನೇಜರರೂ ಅದನ್ನು 'ಸರ್ಫೇಸಿ' ಎನ್ನುತ್ತಾರೆ. ಇದರ ತಿರುಳು ಇಷ್ಟೇ. ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆ ಬ್ಯಾಂಕೇ ವಶಕ್ಕೆ ತೆಗೆದುಕೊಂಡು ಬ್ಯಾಂಕೇ ಮಾರಬಹುದು.

ಸಹಕಾರಿ ಬ್ಯಾಂಕುಗಳಿಗೆ ಇದು ಅನ್ವಯವೋ ಅಲ್ಲವೋ ಎಂಬ ಜಗ್ಗಾಟ ಬಹಳ ಕಾಲ ನಡೆಯಿತು. 2020ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅನ್ವಯ ಎಂದು ತೀರ್ಪು ಕೊಟ್ಟಿತು. ಆದರೆ ಬ್ಯಾಂಕಿನ ಲೈಸೆನ್ಸ್ ಇಲ್ಲದ ಪತ್ತಿನ ಸಹಕಾರ ಸಂಘಗಳ ದಾರಿ ಬೇರೆ. ಅವರು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ದಾವೆ ಹಾಕಿ, ಐತೀರ್ಪು ಪಡೆದು, ಆಮೇಲೆ ಹರಾಜಿಗೆ ಬರಬೇಕು. ಹೊಸಬರು ಎರಡನ್ನೂ ಒಂದೇ ಅಂದುಕೊಂಡು ಗಲಿಬಿಲಿ ಮಾಡಿಕೊಳ್ಳುತ್ತಾರೆ. ನೋಟೀಸಿನ ತಲೆಬರಹದಲ್ಲೇ ಯಾವ ಕಾಯ್ದೆ ಎಂದು ಬರೆದಿರುತ್ತದೆ. ಮೊದಲು ನೋಡಬೇಕಾದ ಸಾಲು ಅದು.

ಆರು ತಿಂಗಳ ಮೆಟ್ಟಿಲು

ಮನೆ ಒಂದೇ ದಿನದಲ್ಲಿ ಹರಾಜಿಗೆ ಬರುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಕಂತು ಕಟ್ಟದೆ 90 ದಿನ ಕಳೆದರೆ ಖಾತೆ 'ಎನ್.ಪಿ.ಎ.' ಆಗುತ್ತದೆ. ಆಮೇಲೆ ಬ್ಯಾಂಕು 13(2)ರ ನೋಟೀಸು ಕೊಡುತ್ತದೆ. ಪೂರ್ತಿ ಬಾಕಿ 60 ದಿನದೊಳಗೆ ತೀರಿಸಿ ಎಂಬ ತಾಕೀತು ಅದು. ತೀರಿಸದಿದ್ದರೆ 13(4)ರಂತೆ ಆಸ್ತಿಯನ್ನು ವಶಕ್ಕೆ ತೆಗೆದುಕೊಳ್ಳುತ್ತದೆ. ಅದಾದ ಮೇಲೆ ಮಾರಾಟದ ನೋಟೀಸು. ಮೊದಲ ಹರಾಜಾದರೆ ಪ್ರಕಟಣೆಗೂ ಹರಾಜಿಗೂ ನಡುವೆ 30 ದಿನ ಇರಲೇಬೇಕು.

ಬೆರಳು ಮಡಚಿ ಎಣಿಸಿದರೆ 90, 60, 30. ಒಟ್ಟು 180 ದಿನ. ಅಂದರೆ ಮೊದಲ ಕಂತು ತಪ್ಪಿದ ದಿನದಿಂದ ಸುತ್ತಿಗೆ ಬೀಳುವವರೆಗೆ ಕಡಿಮೆಯೆಂದರೂ ಆರು ತಿಂಗಳು. ನಡುವೆ ಜಿಲ್ಲಾ ಮ್ಯಾಜಿಸ್ಟ್ರೇಟರ ಆದೇಶ, ನ್ಯಾಯಮಂಡಳಿಯ ತಡೆ, ಬಿಡ್ಡುದಾರರಿಲ್ಲದೆ ಬಿದ್ದುಹೋದ ಹರಾಜು ಇವೆಲ್ಲಾ ಸೇರಿದರೆ ವರ್ಷ ದಾಟುವುದು ಸಾಮಾನ್ಯ. ಇಷ್ಟು ದಿನ ಬೀದಿಯಲ್ಲೇ ಇರುವ ಸುದ್ದಿಯನ್ನು ಕೊನೆಯ ವಾರದಲ್ಲಿ ಕೇಳಿಸಿಕೊಂಡವನು 'ಗೊತ್ತೇ ಆಗ್ಲಿಲ್ಲ' ಅಂದರೆ ತಪ್ಪು ಯಾರದು?

ಮೊದಲು ಕಾಣುವುದೆಲ್ಲಿ?

60 ದಿನದ ನೋಟೀಸು ಸಾಮಾನ್ಯವಾಗಿ ಸಾಲಗಾರನಿಗೂ ಜಾಮೀನುದಾರನಿಗೂ ಮಾತ್ರ ತಲುಪುವ ಕಾಗದ. ಆದರೆ ಸಾಲಗಾರ ಸಿಗದೆ ತಪ್ಪಿಸಿಕೊಂಡರೆ, ಲಕೋಟೆ ವಾಪಸ್ಸು ಬಂದರೆ, ಅದನ್ನು ಬಾಗಿಲಿಗೆ ಅಂಟಿಸಿ ಎರಡು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಎರಡರಲ್ಲಿ ಒಂದು ಸ್ಥಳೀಯ ಭಾಷೆಯದಾಗಿರಬೇಕು. ಸಾರ್ವಜನಿಕರ ಕಣ್ಣಿಗೆ ಬೀಳುವ ಅತಿ ಮುಂಚಿನ ಸುಳಿವು ಇದೇ.

ಎರಡನೆಯದು ಸ್ವಾಧೀನದ ನೋಟೀಸು. ವಶಕ್ಕೆ ತೆಗೆದುಕೊಂಡ ಆಸ್ತಿಯ ಮೇಲೆ ಎದ್ದು ಕಾಣುವ ಜಾಗದಲ್ಲಿ ಇದನ್ನು ಅಂಟಿಸಬೇಕು. ಏಳು ದಿನದೊಳಗೆ ಮತ್ತೆ ಎರಡು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಸಾಲಗಾರನ ಹೆಸರು, ಬಾಕಿಯ ಮೊತ್ತ, ಸರ್ವೆ ನಂಬರು ಅಥವಾ ಖಾತೆ ನಂಬರು, ಅಳತೆ, ಚಕ್ಕುಬಂದಿ ಎಲ್ಲಾ ಅಲ್ಲಿರುತ್ತವೆ. ಕನ್ನಡವೇನೋ ಕನ್ನಡವೇ, ಆದರೆ ಅಧಿಕೃತ ಅಧಿಕಾರಿಗಳ ಕನ್ನಡ. ಮೂರು ಸಲ ಓದಿದರೂ ಕ್ರಿಯಾಪದ ಸಿಗುವುದಿಲ್ಲ. ಹಾಗಾಗಿ ಜನ ಪುಟ ತಿರುಗಿಸುತ್ತಾರೆ. ಓದುವ ಉಪಾಯ ಸುಲಭ. ಮೊದಲ ಪ್ಯಾರಾ ಬಿಟ್ಟು ನೇರ 'ಆಸ್ತಿಯ ವಿವರ'ಕ್ಕೆ ಇಳಿಯಬೇಕು. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ರಸ್ತೆ ಎಂದು ಓದಿದರೆ ಊರಿನವನಿಗೆ ಜಾಗ ಕಣ್ಣಿಗೆ ಕಟ್ಟುತ್ತದೆ. ಬೆಂಗಳೂರಿನ ದಲ್ಲಾಳಿಗಿಂತ ದಿನಾ ಅದೇ ಬೀದಿಯಲ್ಲಿ ಬಸ್ಸಿಗೆ ನಿಲ್ಲುವವನಿಗೆ ಇರುವ ಅನುಕೂಲ ಇದು.

ಮೂರನೆಯ ಜಾಗವನ್ನು ಬಹಳ ಜನ ನೋಡುವುದೇ ಇಲ್ಲ. ಸರ್ಫೇಸಿ ಕಾಯ್ದೆಯಡಿ ವಶಕ್ಕೆ ಪಡೆದ ಆಸ್ತಿಗಳ ವಿವರವನ್ನು ಆಯಾ ಬ್ಯಾಂಕು, ಫೈನಾನ್ಸ್ ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕು, ತಿಂಗಳಿಗೊಮ್ಮೆ ತಾಜಾ ಮಾಡಬೇಕು ಎಂದು ರಿಸರ್ವ್ ಬ್ಯಾಂಕು 2023ರ ಸೆಪ್ಟೆಂಬರಿನಲ್ಲಿ ಸುತ್ತೋಲೆ ಹೊರಡಿಸಿತು. ಅಂದರೆ ಹರಾಜಿನ ದಿನ ಗೊತ್ತಾಗುವ ಮುಂಚೆಯೇ ಆಸ್ತಿಗಳ ಪಟ್ಟಿ ಬಿಟ್ಟಿಯಾಗಿ ಸಿಗುತ್ತದೆ. ಮಧ್ಯವರ್ತಿಯ 'ಒಳಗಿನ ಪಟ್ಟಿ'ಗೆ ಹೆಚ್ಚಿನ ಪಾಲು ಮೂಲ ಇದೇ ಇರಬಹುದು.

ನಾಲ್ಕನೆಯದು ಮಾರಾಟದ ಪ್ರಕಟಣೆ. ಇಲ್ಲಿಗೆ ಬರುವ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿರುತ್ತದೆ. ಸರ್ಕಾರಿ ಬ್ಯಾಂಕುಗಳ ಹರಾಜು ಆಸ್ತಿಗಳೆಲ್ಲಾ ಒಂದೇ ಕಡೆ ಸಿಗಲೆಂದು 2025ರ ಜನವರಿಯಲ್ಲಿ 'ಬ್ಯಾಂಕ್‌ನೆಟ್' ಎಂಬ ಪೋರ್ಟಲ್ ಶುರುವಾಯಿತು. ಆರಂಭದ ದಿನವೇ ಲಕ್ಷಕ್ಕೂ ಹೆಚ್ಚು ಆಸ್ತಿಗಳ ವಿವರ ಅದರೊಳಗೆ ಸೇರಿತ್ತು. ರಾಜ್ಯ, ಜಿಲ್ಲೆ ಆರಿಸಿದರೆ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಖಾಸಗಿ ಬ್ಯಾಂಕು, ಗೃಹಸಾಲ ಕಂಪನಿಗಳ ಹರಾಜುಗಳನ್ನು ಮಾತ್ರ ಅವರವರ ತಾಣಗಳಲ್ಲೇ ಹುಡುಕಬೇಕು.

ಐದನೆಯದು ಜಾಣರ ಜಾಗ. ಬಿಡ್ಡುದಾರರಿಲ್ಲದೆ ಬಿದ್ದುಹೋದ ಹರಾಜು. ಮತ್ತೆ ಹರಾಜು ಹಾಕುವಾಗ 30 ದಿನ ಬೇಕಿಲ್ಲ, 15 ದಿನದ ನೋಟೀಸು ಸಾಕು. ಕನಿಷ್ಠ ಬೆಲೆಯನ್ನು ಇಳಿಸುವುದೂ ಉಂಟು. ಮೊದಲ ಸುತ್ತಿನಲ್ಲೇ ಕಾಗದಪತ್ರ ನೋಡಿಟ್ಟುಕೊಂಡವನಿಗೆ ಹದಿನೈದು ದಿನ ಧಾರಾಳ. ಹೊಸದಾಗಿ ಬಂದವನಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ.

ಅರ್ಧ ರೇಟಿನ ಕಥೆ

ಬ್ಯಾಂಕಿನವರು ಮನಸ್ಸಿಗೆ ಬಂದ ಬೆಲೆಗೆ ಮಾರಿಬಿಡುತ್ತಾರೆ ಎಂಬುದು ತಪ್ಪು ತಿಳುವಳಿಕೆ. ಅನುಮೋದಿತ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ, ಕನಿಷ್ಠ ಬೆಲೆ ಗೊತ್ತು ಮಾಡಿ, ಆಮೇಲೆಯೇ ಹರಾಜು. ಆ ಬೆಲೆ ಬರದಿದ್ದರೆ ಅದಕ್ಕಿಂತ ಕಡಿಮೆಗೆ ಮಾರಲು ಸಾಲಗಾರನೂ ಬ್ಯಾಂಕೂ ಇಬ್ಬರೂ ಒಪ್ಪಬೇಕು. ಹಾಗಿದ್ದೂ ಒಂದು ಮನೆ ಮಾರ್ಕೆಟ್ ರೇಟಿಗಿಂತ ಬಹಳ ಕೆಳಗೆ ಹೋಗುತ್ತಿದೆ ಎಂದರೆ ಬಲ್ಲವರು ಖುಷಿಪಡುವುದಿಲ್ಲ, ಅನುಮಾನಪಡುತ್ತಾರೆ. ನಾಲ್ಕು ಸಲ ಹರಾಜಿಗೆ ಬಂದರೂ ಪಕ್ಕದ ಮನೆಯವನೇ ಕೈ ಎತ್ತಿಲ್ಲವೆಂದರೆ ಪಕ್ಕದ ಮನೆಯವನಿಗೆ ಏನೋ ಗೊತ್ತಿದೆ.

ಮೊದಲು ತಿಳಿದವನಿಗೆ ಆಗುವ ಲಾಭ ಇಲ್ಲಿದೆ. ಹರಾಜಿನಲ್ಲಿ ಎಲ್ಲರೂ ಒಂದೇ ದಿನ, ಒಂದೇ ಗಂಟೆಗೆ ಬಿಡ್ಡು ಹಾಕುವವರು. ಮೊದಲೇ ತಿಳಿದಿದ್ದಕ್ಕೆ ಯಾರೂ ರೇಟು ಕಡಿಮೆ ಮಾಡುವುದಿಲ್ಲ. ಸಿಗುವುದು ಸಮಯ ಒಂದೇ. ಆ ಸಮಯವನ್ನು ವಿಚಾರಣೆಗೆ ಖರ್ಚು ಮಾಡದವನಿಗೆ ಮೊದಲು ತಿಳಿದೂ ಒಂದೇ, ಕೊನೆಗೆ ತಿಳಿದೂ ಒಂದೇ.

ಇದ್ದದ್ದು ಇದ್ದಲ್ಲಿ ಇದ್ದ ಹಾಗೆ

ಪ್ರತಿ ಮಾರಾಟದ ಪ್ರಕಟಣೆಯಲ್ಲೂ ಒಂದು ಸಾಲು ತಪ್ಪದೆ ಇರುತ್ತದೆ. ಆಸ್ತಿಯನ್ನು 'ಇದ್ದಲ್ಲಿ ಇದ್ದಂತೆ, ಏನಿದೆಯೋ ಅದೇ' ಎಂಬ ಆಧಾರದ ಮೇಲೆ ಮಾರಲಾಗುವುದು. ಸಂತೆಯಲ್ಲಿ ಎತ್ತು ಕೊಂಡವನು ಹಲ್ಲು ನೋಡಲಿಲ್ಲವೆಂದು ಆಮೇಲೆ ಅತ್ತರೆ ಕೇಳುವವರಿಲ್ಲ. ಇಲ್ಲೂ ಹಾಗೆಯೇ.

ಮೊದಲ ಪ್ರಶ್ನೆ ಸ್ವಾಧೀನದ್ದು. ಕಾಗದದ ಮೇಲಿನ ಸಾಂಕೇತಿಕ ಸ್ವಾಧೀನವೋ, ಬೀಗ ಹಾಕಿ ಪಡೆದ ಭೌತಿಕ ಸ್ವಾಧೀನವೋ? ನೋಟೀಸಿನಲ್ಲಿ ಈ ಒಂದು ಪದ ಹುಡುಕಬೇಕು. ಸಾಂಕೇತಿಕ ಎಂದಿದ್ದರೆ ಒಳಗೆ ಸಂಸಾರ ಇನ್ನೂ ಇದೆ ಎಂದೇ ತಿಳಿಯಬೇಕು. ಅವರನ್ನು ಬಿಡಿಸಲು 14ನೇ ಕಲಮಿನಂತೆ ಜಿಲ್ಲಾ ಮ್ಯಾಜಿಸ್ಟ್ರೇಟರ ಆದೇಶ ಬೇಕು. 30 ದಿನದಲ್ಲಿ, ಹೆಚ್ಚೆಂದರೆ 60 ದಿನದಲ್ಲಿ ಆದೇಶ ಆಗಬೇಕೆಂದು ಕಾಯ್ದೆ ಹೇಳುತ್ತದೆ. ಆದೇಶ ಬೇರೆ, ಪೊಲೀಸರನ್ನು ಕರೆದುಕೊಂಡು ಹೋಗಿ ಬೀಗ ಕೈಗೆ ಪಡೆಯುವುದು ಬೇರೆ. ಬಾಡಿಗೆದಾರನಿದ್ದರೆ ಅವನ ಕರಾರು ಎಂದಿನದು, ನೋಂದಣಿ ಆಗಿದೆಯೇ ಎಂಬ ಇನ್ನೊಂದು ಸಿಕ್ಕು.

ಎರಡನೆಯದು ಹಕ್ಕಿನ ಪ್ರಶ್ನೆ. 'ಕಾವೇರಿ' ತಾಣದಲ್ಲಿ ಋಣಭಾರ ಪತ್ರ ಅಂದರೆ ಇ.ಸಿ. ತೆಗೆಸಬೇಕು. ಅದೊಂದೇ ಸಾಲದು. ಹಕ್ಕುಪತ್ರವನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ಇ.ಸಿ.ಯಲ್ಲಿ ಕಾಣದೆ ಇರಬಹುದು. ಅದಕ್ಕೆಂದೇ 2011ರಿಂದ 'ಸರ್ಸಾಯಿ' ಎಂಬ ಕೇಂದ್ರ ನೋಂದಣಿ ಇದೆ. ಸಣ್ಣ ಶುಲ್ಕ ಕಟ್ಟಿದರೆ ಅದೇ ಆಸ್ತಿಯ ಮೇಲೆ ಬೇರೆ ಬ್ಯಾಂಕಿನ ಸಾಲ ಇದೆಯೇ ಎಂದು ಯಾರು ಬೇಕಾದರೂ ನೋಡಬಹುದು. ಒಂದೇ ಸೈಟನ್ನು ಎರಡು ಕಡೆ ಅಡವಿಟ್ಟ ಪ್ರಚಂಡರು ಎಲ್ಲ ಊರಲ್ಲೂ ಇರುತ್ತಾರೆ.

ಮೂರನೆಯದು ಜಮೀನಿನ ಜಾತಕ. ಕೃಷಿ ಜಮೀನಿಗೆ ಸರ್ಫೇಸಿ ಕಾಯ್ದೆ ಅನ್ವಯಿಸುವುದಿಲ್ಲ. ಪಹಣಿಯಲ್ಲಿ ಇನ್ನೂ ಬೆಳೆ ಕಾಣುತ್ತಿದ್ದು, ಭೂಪರಿವರ್ತನೆ ಆಗಿರದ ಜಾಗ ಹರಾಜಿಗೆ ಬಂದಿದ್ದರೆ ಕೊಂಡವನ ತಲೆಮೇಲೆ ವ್ಯಾಜ್ಯ ತೂಗುತ್ತಿರುತ್ತದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಎದ್ದು ನಿಲ್ಲುತ್ತದೆ. 2023ರ ತಿದ್ದುಪಡಿಯ ನಂತರ ಕಾಲ ಮೀರಿತೆಂಬ ನೆಪವೂ ನಡೆಯುವುದಿಲ್ಲ. ಪಿತ್ರಾರ್ಜಿತ ಮನೆಯಾದರೆ ಹೆಣ್ಣುಮಕ್ಕಳ ಪಾಲು. ಅಣ್ಣ ಒಬ್ಬನೇ ಸಹಿ ಹಾಕಿ ಸಾಲ ಎತ್ತಿದ್ದರೆ ತಂಗಿಯ ಪಾಲಿನ ದಾವೆ ಎಲ್ಲಿಂದಲೋ ಬರುತ್ತದೆ. ಇನ್ನು ರೆವಿನ್ಯೂ ಸೈಟು, ಪಂಚಾಯ್ತಿ ಸೈಟುಗಳಲ್ಲಿ ಇ-ಖಾತಾ ಆಗಿದೆಯೇ ಎಂಬುದನ್ನು ನೋಡದೆ ಮುಂದೆ ಹೋಗಬಾರದು. 2024ರ ಅಕ್ಟೋಬರಿನಿಂದ ಇ-ಖಾತಾ ಇಲ್ಲದೆ ನೋಂದಣಿಯ ಬಾಗಿಲು ಬಿಗಿಯಾಗಿದೆ.

ನಾಲ್ಕನೆಯದು ಹಳೇ ಬಾಕಿ. ಕಂದಾಯ, ನೀರು, ಕರೆಂಟು. ಹಿಂದಿನ ಮಾಲೀಕ ಉಳಿಸಿಹೋದ ಕರೆಂಟು ಬಾಕಿಯನ್ನು ಹರಾಜಿನಲ್ಲಿ ಕೊಂಡವನಿಂದ ನಿಯಮಗಳ ಪ್ರಕಾರ ಕೇಳಬಹುದು ಎಂದು ಕೇರಳದ ಪ್ರಕರಣವೊಂದರಲ್ಲಿ 2023ರ ಮೇನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮನೆಯ ಕರೆಂಟಾದರೆ ಸಾವಿರದ ಲೆಕ್ಕ. ಗಿರಣಿ, ಐಸ್ ಫ್ಯಾಕ್ಟರಿಯಾದರೆ ಲಕ್ಷದ ಲೆಕ್ಕ.

ಇವೆಲ್ಲಕ್ಕೂ ಉತ್ತರ ಕೇಳಲು ನೋಟೀಸಿನ ಕೊನೆಯಲ್ಲಿ 'ಅಧಿಕೃತ ಅಧಿಕಾರಿ'ಯ ಹೆಸರು, ಫೋನು ಇರುತ್ತದೆ. ಆಸ್ತಿ ನೋಡಲು ದಿನವೂ ಗೊತ್ತಾಗಿರುತ್ತದೆ. ನ್ಯಾಯಮಂಡಳಿಯಲ್ಲಿ ಅರ್ಜಿ ಇದೆಯೇ, ತಡೆ ಇದೆಯೇ ಎಂದು ನೇರವಾಗಿ ಕೇಳಬಹುದು. ಕೇಳಲು ಸಂಕೋಚಪಡುವವನು ಕಟ್ಟಲು ಮಾತ್ರ ಧೈರ್ಯ ತೋರಿಸುತ್ತಾನೆ. ಅದೇ ವಿಚಿತ್ರ.

ದುಡ್ಡಿನ ಲೆಕ್ಕ

ಒಂದು ಮನೆಯ ಕನಿಷ್ಠ ಬೆಲೆ 30 ಲಕ್ಷ ಎಂದಿಟ್ಟುಕೊಳ್ಳೋಣ. ಬಿಡ್ಡಿಗೆ ಕೂರಬೇಕಾದರೆ ಮುಂಗಡ ಠೇವಣಿ ಸಾಮಾನ್ಯವಾಗಿ ನೂರಕ್ಕೆ 10. ಅಂದರೆ 3 ಲಕ್ಷ. ಹರಾಜು 32 ಲಕ್ಷಕ್ಕೆ ನಿಂತಿತು. ಅದರ ಕಾಲು ಭಾಗ 8 ಲಕ್ಷ. ಕಟ್ಟಿದ 3 ಲಕ್ಷ ಕಳೆದು ಉಳಿದ 5 ಲಕ್ಷವನ್ನು ಅದೇ ದಿನ, ತಪ್ಪಿದರೆ ಮರುದಿನದ ಕೆಲಸದ ವೇಳೆಯಲ್ಲಿ ಕಟ್ಟಬೇಕು. ಮಿಕ್ಕ 24 ಲಕ್ಷ ಮಾರಾಟ ಖಾಯಂ ಆದ 15 ದಿನದೊಳಗೆ. ಬ್ಯಾಂಕು ಲಿಖಿತವಾಗಿ ಒಪ್ಪಿದರೆ ಅವಧಿ ಬೆಳೆಸಬಹುದು, ಮೂರು ತಿಂಗಳು ಮೀರುವಂತಿಲ್ಲ.

'ಗೆದ್ದ ಮೇಲೆ ಲೋನ್ ಮಾಡಿಸಿದರಾಯ್ತು' ಎಂದುಕೊಂಡು ಕೂತವರೇ ಹೆಚ್ಚು ಸಿಕ್ಕಿಬೀಳುವುದು. ಹದಿನೈದು ದಿನದಲ್ಲಿ ಲೋನು ಕೈಗೆ ಬರುವುದು ಅಪರೂಪ. ಬಾಕಿ ಕಟ್ಟದಿದ್ದರೆ ಕಟ್ಟಿದ 8 ಲಕ್ಷವೂ ಮುಟ್ಟುಗೋಲು, ಮನೆ ಮತ್ತೆ ಹರಾಜಿಗೆ. ಇದು ಅನ್ಯಾಯ, ಬ್ಯಾಂಕಿಗೆ ಅಷ್ಟು ನಷ್ಟವೇ ಆಗಿಲ್ಲ ಎಂದು ಕೋರ್ಟಿಗೆ ಹೋದವರಿದ್ದಾರೆ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅಂಥದೊಂದು ಪ್ರಕರಣದಲ್ಲಿ ಪೂರ್ತಿ ಕಾಲು ಭಾಗದ ಮುಟ್ಟುಗೋಲು ಸರಿ ಎಂದೇ ಹೇಳಿತು. ನಿಯಮ ಗಟ್ಟಿ, ಕರುಣೆಗೆ ಜಾಗವಿಲ್ಲ.

ಮುಟ್ಟುಗೋಲಿನಿಂದ ಪಾರಾದ ಮೇಲೂ ಖರ್ಚು ಮುಗಿಯುವುದಿಲ್ಲ. ಬ್ಯಾಂಕು ಕೊಡುವ ಮಾರಾಟ ಪ್ರಮಾಣಪತ್ರದ ಮೇಲೆ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ. ರಾಜ್ಯದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ನೂರಕ್ಕೆ 1ರಿಂದ 2ಕ್ಕೆ ಏರಿದೆ. ಬೆಲೆ 50 ಲಕ್ಷ ಮುಟ್ಟಿದರೆ ಆದಾಯ ತೆರಿಗೆಯ ನೂರಕ್ಕೆ 1 ಮುರಿದುಕೊಂಡು ಕಟ್ಟಬೇಕು. ಜೊತೆಗೆ ಹಳೇ ಬಾಕಿ, ರಿಪೇರಿ, ವಕೀಲರ ಫೀಸು. ಇಷ್ಟನ್ನೂ ಕೂಡಿ ನೋಡಿದ ಮೇಲೆ ಪಕ್ಕದ ಬೀದಿಯ ಚೊಕ್ಕ ಮನೆಗಿಂತ ಎಷ್ಟು ಅಗ್ಗವಾಯಿತು ಎಂದು ಕೇಳಿಕೊಳ್ಳಬೇಕು. ಎಷ್ಟೋ ಸಲ ಉತ್ತರ ಸೊನ್ನೆ.

ಠೇವಣಿ ಕಟ್ಟುವ ಖಾತೆಯ ವಿವರ ನೋಟೀಸಿನಲ್ಲಿ ಅಥವಾ ಹರಾಜಿನ ಪೋರ್ಟಲಿನಲ್ಲಿ ಇರುತ್ತದೆ. ಅದು ಬಿಟ್ಟು 'ನನ್ನ ಕೈಗೆ ಕೊಡಿ, ಒಳಗೆ ಸೆಟ್ ಮಾಡ್ತೀನಿ' ಎಂದವನು ಬ್ಯಾಂಕಿನವನಲ್ಲ.

ಬಾಗಿಲಿನ ಆಚೆ ಕಡೆ

ಇಷ್ಟು ಹೊತ್ತಿನ ಮಾತೆಲ್ಲಾ ಕೊಳ್ಳುವವನದು. ಬಾಗಿಲಿನ ಆಚೆ ಕಡೆ ಒಂದು ಸಂಸಾರ ಇದೆ. ಪಟ್ಟಿ ಮಾರುವವರು ಅದರ ಸುದ್ದಿ ಎತ್ತುವುದೇ ಇಲ್ಲ. ಆ ಸಂಸಾರ ಎಲ್ಲೋ ದೂರದ್ದೂ ಅಲ್ಲ. ಅಂಗಡಿಯ ಓ.ಡಿ.ಗೆ ಮನೆಯ ಹಕ್ಕುಪತ್ರ ಇಟ್ಟವರು, ಭಾವಮೈದುನನ ಲಾರಿ ಸಾಲಕ್ಕೆ ಜಾಮೀನು ಹಾಕಿದವರು ಪ್ರತಿ ಪೇಟೆಬೀದಿಯಲ್ಲೂ ಇದ್ದಾರೆ. ಇಂದು ನೋಟೀಸು ಓದಿ ಮನೆ ಹುಡುಕುವವನೇ ನಾಳೆ ತನ್ನ ಶಟರಿನ ಮೇಲೆ ಅದನ್ನು ಕಾಣಬಹುದು.

ಬೇಗ ಓದುವುದರಿಂದ ಹೆಚ್ಚು ಲಾಭ ಇರುವುದು ಇವರಿಗೇ. ಓದದೆ ಇರುವವರೂ ಇವರೇ. ನೋಟೀಸು ಬಂದರೆ ಲಕೋಟೆ ಒಡೆಯದೆ ದೇವರ ಗೂಡಿನ ಹಿಂದೆ ಇಟ್ಟುಬಿಡುವವರಿದ್ದಾರೆ. ಆ ಲಕೋಟೆಯಲ್ಲಿ 60 ದಿನ ಇವೆ. ಆಕ್ಷೇಪಣೆ ಬರೆದುಕೊಟ್ಟರೆ ಬ್ಯಾಂಕು 15 ದಿನದೊಳಗೆ ಕಾರಣ ಸಹಿತ ಉತ್ತರ ಕೊಡಬೇಕು. ಸ್ವಾಧೀನವಾದ ಮೇಲೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಅದಿರುವುದು ಬೆಂಗಳೂರಿನಲ್ಲಿ, ದಾವಣಗೆರೆಯಿಂದ 250 ಕಿಲೋಮೀಟರಿಗೂ ಹೆಚ್ಚು. ಅದರ ಮೇಲಿನ ಅಪೀಲು ಚೆನ್ನೈಯಲ್ಲಿ, ಅದೂ ಬಾಕಿಯ ಅರ್ಧ ಠೇವಣಿ ಇಟ್ಟು. ಮಂಡಳಿ ಮನಸ್ಸು ಮಾಡಿದರೆ ಅದನ್ನು ಕಾಲು ಭಾಗಕ್ಕೆ ಇಳಿಸಬಹುದು. ಬಡ್ಡಿಗೇ ದುಡ್ಡಿಲ್ಲದವನು ಚೆನ್ನೈ ರೈಲು ಹತ್ತುವುದು ಕನಸಿನ ಮಾತು. ಹಾಗಾಗಿ ಮೊದಲ ಅರವತ್ತು ದಿನವೇ ನಿಜವಾದ ಅವಕಾಶ.

ಇನ್ನೊಂದು ಗಡುವು ಬಹಳ ಜನರಿಗೆ ಗೊತ್ತಿಲ್ಲ. ಹರಾಜಿನ ದಿನದವರೆಗೂ ದುಡ್ಡು ಕಟ್ಟಿ ಮನೆ ಬಿಡಿಸಿಕೊಳ್ಳಬಹುದು ಎಂಬುದು ಹಳೇ ಮಾತು. 2016ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಹರಾಜಿನ ಪ್ರಕಟಣೆ ಹೊರಬಿದ್ದ ದಿನಕ್ಕೇ ಬಿಡಿಸಿಕೊಳ್ಳುವ ಹಕ್ಕು ಮುಗಿಯುತ್ತದೆ ಎಂದು 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಹರಾಜಿನ ಹಿಂದಿನ ಸಂಜೆ ಬಂಗಾರ ಅಡವಿಟ್ಟು ದುಡ್ಡು ತಂದರೂ ಹಕ್ಕಿನಿಂದ ಕೇಳುವಂತಿಲ್ಲ. ಬ್ಯಾಂಕು ದಯೆ ತೋರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಎರಡೂ ಕಡೆಯ ಲೆಕ್ಕ ಕೂಡಿಬರುವ ಜಾಗ ಒಂದಿದೆ. 60 ದಿನದ ನೋಟೀಸು ಬಂದ ಮೇಲೆ ಸಾಲಗಾರ ತಾನಾಗಿ ಆಸ್ತಿ ಮಾರುವಂತಿಲ್ಲ. ಆದರೆ ಬ್ಯಾಂಕಿನ ಲಿಖಿತ ಒಪ್ಪಿಗೆ ಪಡೆದು ಮಾರಬಹುದು. ಹರಾಜಿನ ಪ್ರಕಟಣೆಗೆ ಮುಂಚೆ ಮಾಲೀಕ, ಕೊಳ್ಳುವವನು, ಮ್ಯಾನೇಜರು ಮೂವರೂ ಒಂದು ಮೇಜಿಗೆ ಕೂತರೆ ಮುಗಿಯುವ ವ್ಯವಹಾರ ಇದು. ಕೊಳ್ಳುವವನ ದುಡ್ಡು ನೇರ ಸಾಲದ ಖಾತೆಗೆ ಹೋಗುತ್ತದೆ. ಬ್ಯಾಂಕು ಹಕ್ಕುಪತ್ರ ಬಿಡುತ್ತದೆ. ಮಿಕ್ಕ ದುಡ್ಡು ಮಾಲೀಕನ ಕೈಗೆ. ಹರಾಜಾದರೂ ಬಾಕಿ, ಖರ್ಚು ಕಳೆದು ಮಿಕ್ಕದ್ದು ಅವನಿಗೇ ಸೇರಬೇಕು. ಆದರೆ ಅಷ್ಟರಲ್ಲಿ ಬಡ್ಡಿ ಬೆಳೆದಿರುತ್ತದೆ, ಖರ್ಚು ಏರಿರುತ್ತದೆ, ಬೆಲೆ ಇಳಿದಿರುತ್ತದೆ. ಕೊಳ್ಳುವವನಿಗೂ ಇಲ್ಲಿ ಲಾಭವಿದೆ. ಒಳಗಿರುವವರು ತಾವಾಗಿಯೇ ಬೀಗ ಕೊಡುತ್ತಾರೆ. ನಿಧಾನವಾಗಿ ಕಾಗದ ನೋಡಬಹುದು, ಲೋನಿಗೂ ಕಾಲಾವಕಾಶ ಸಿಗುತ್ತದೆ. ಮನೆಯವರ ಕಷ್ಟ ಕಂಡು ಹಿಂಡಿ ಬೆಲೆ ಇಳಿಸುವವನು ಮಾತ್ರ ಈ ಮೇಜಿಗೆ ಬರಬಾರದು. ಬಂದರೂ ಮಾಲೀಕ ಹರಾಜೇ ಲೇಸೆಂದು ಎದ್ದುಹೋಗುತ್ತಾನೆ.

ಬಾಗಿಲಿಗೆ ಅಂಟಿಸಿದ ಕಾಗದ ಇಬ್ಬರಿಗಾಗಿ ಬರೆದದ್ದು. ಒಳಗಿರುವವನಿಗೆ ಮೊದಲು, ಹೊರಗಿರುವವನಿಗೆ ಆಮೇಲೆ. ಮೊದಲನೆಯವನು ಓದದೆ ಮುಚ್ಚಿಟ್ಟದ್ದನ್ನು ಎರಡನೆಯವನು ದುಡ್ಡು ಕೊಟ್ಟು ಕೊಳ್ಳುತ್ತಿರುವುದರಿಂದಲೇ ನಡುವಿನವನ ಅಂಗಡಿ ನಡೆಯುತ್ತಿದೆ. ಆ ಅಂಗಡಿ ಮುಚ್ಚಿಸಲು ಹೊಸ ಕಾನೂನು ಬೇಕಿಲ್ಲ. ಪತ್ರಿಕೆಯ ಒಳಪುಟ ತಿರುವಿಹಾಕದೆ ಓದುವ ಹತ್ತು ನಿಮಿಷ ಸಾಕು. ದಾವಣಗೆರೆಯಲ್ಲಿ ಬಸ್ಸು ಹತ್ತಿದವನಿಗೆ ಹರಿಹರ ಬರುವಷ್ಟರಲ್ಲಿ ಅಷ್ಟು ಸಮಯ ಸಿಗುತ್ತದೆ.